ಮಂಗಳವಾರ್ತೆಯ ಚಿತ್ರದಲ್ಲಿ ಲಿಲ್ಲಿ ಬದಲು ಕಾಫಿ ಹೂ ಬರೆಯಬಹುದಾ?

ತೋಟದಮನೆ_ಬ್ರಷ್

ಎಲ್ಲರಿಗೂ ನಮಸ್ಕಾರ. ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ ಆಗಿದ್ದೇನೆ. ರಾತ್ರಿ ಹೊತ್ತು ಚಿತ್ರ ಬರೆಯುತ್ತೇನೆ. ಇಷ್ಟು ದಿನ ಯೇಸುಸ್ವಾಮಿ, ಮಾತೆ ಮರಿಯಮ್ಮ, ಸಂತ ಅನ್ನಮ್ಮ ಅಂತ ಕ್ಯಾಲೆಂಡರ್ ನೋಡಿಕೊಂಡು ಅಕ್ರಿಲಿಕ್‌ನಲ್ಲಿ ಬರೆದದ್ದೇ ಬರೆದದ್ದು. ಎಲ್ಲದರಲ್ಲೂ ಅದೇ ಗುಲಾಬಿ ಕೆನ್ನೆ, ಅದೇ ಮೇಲಕ್ಕೆ ನೋಡುವ ಕಣ್ಣು. ಸಾಕಾಗಿದೆ.

ಈಚೆಗೆ 14ನೇ ಶತಮಾನದ ಇಟಲಿಯ ಚಿತ್ರಗಳ ಹುಚ್ಚು ಹತ್ತಿದೆ. ಸಿಮೋನೆ ಮಾರ್ತೀನಿ 1333ರಲ್ಲಿ ಬರೆದ ಮಂಗಳವಾರ್ತೆ, ಅಂದರೆ ನೀನು ಯೇಸುವಿಗೆ ತಾಯಿಯಾಗುವೆ ಅಂತ ದೇವದೂತ ಮರಿಯಮ್ಮನಿಗೆ ಸುದ್ದಿ ಹೇಳುವ ಚಿತ್ರ, ನೋಡಿದ್ದೀರಾ? ಹಿಂದೆ ಪೂರ್ತಿ ಚಿನ್ನ. ದೇವದೂತ ಗಬ್ರಿಯೇಲ್ ಮಂಡಿಯೂರಿದ್ದಾನೆ, ಮರಿಯಮ್ಮ ಬೆಚ್ಚಿ ಪಕ್ಕಕ್ಕೆ ವಾಲಿ ಮೇಲ್ವಸ್ತ್ರ ಎಳೆದುಕೊಳ್ಳುತ್ತಿದ್ದಾರೆ, ಓದುತ್ತಿದ್ದ ಪುಸ್ತಕದ ಪುಟದ ನಡುವೆ ಬೆರಳು ಹಾಗೇ ಇದೆ. ದೂತನ ಬಾಯಿಂದ ಹೊರಟ ಮಾತು ಅಕ್ಷರವಾಗಿ ಚಿನ್ನದ ಮೇಲೆ ಅವರ ಕಡೆಗೆ ಹೋಗುತ್ತದೆ. ಇಬ್ಬರ ನಡುವೆ ಹೂದಾನಿಯಲ್ಲಿ ಬಿಳಿ ಲಿಲ್ಲಿ.

ಆ ಲಿಲ್ಲಿ ಜಾಗದಲ್ಲಿ ಕಾಫಿ ಹೂ ಬರೆಯಬೇಕು ಅನ್ನುವುದು ನನ್ನ ಆಸೆ. ಮಂಗಳವಾರ್ತೆ ಹಬ್ಬ ಮಾರ್ಚ್ 25ಕ್ಕೆ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಸರಿಯಾಗಿ ಬಿದ್ದ ವರ್ಷ ಅದರ ಆಸುಪಾಸಿನಲ್ಲೇ ತೋಟ ಬೆಳ್ಳಗಾಗುತ್ತದೆ. ನಮ್ಮ ತೋಟದ ಕಾರ್ಮಿಕರ ಲೈನ್ ಮನೆಗಳ ಪಕ್ಕ ಒಂದು ಸಣ್ಣ ಪ್ರಾರ್ಥನಾ ಕೋಣೆ ಇದೆ, ಅಲ್ಲಿಗೆ ಕೊಡುವುದು. ಹಲಗೆ ಯಾವುದು, ಬಣ್ಣ ಯಾವುದು, ಕೊಡಗಿನ ಮಳೆಯಲ್ಲಿ ಇದೆಲ್ಲ ಉಳಿಯುತ್ತದಾ, ಮತ್ತೆ ಹೀಗೆ ಹೂ ಬದಲಾಯಿಸುವುದು ಸರಿನಾ ತಪ್ಪಾ, ತಿಳಿದವರು ಹೇಳಿ.

ಹಳದಿಲೋಳೆ

ಮಡಿಕೇರಿಯಿಂದ ಬರೆಯುತ್ತಿದ್ದೇನೆ. ಹೂವಿನ ವಿಷಯ ಆಮೇಲೆ. ಮೊದಲು ಬಣ್ಣ. ಆ ಚಿತ್ರಗಳ ಹೊಳಪು ಬೇಕು ಅಂದರೆ ಅಕ್ರಿಲಿಕ್ ಬಿಟ್ಟು ಟೆಂಪೆರಾಗೆ ಬನ್ನಿ, ಅಂದರೆ ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ.

ಮೊಟ್ಟೆ ಒಡೆದು ಬಿಳಿ ಬಸಿದುಬಿಡಿ. ಹಳದಿಯನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಜಾರಿಸುತ್ತಾ ಇರಿ, ಪ್ರತಿ ಸಲ ಖಾಲಿಯಾದ ಕೈ ಬಟ್ಟೆಗೆ ಒರೆಸಿಕೊಳ್ಳಿ. ಅಂಟಿಕೊಂಡಿದ್ದ ಬಿಳಿ ಪೂರ್ತಿ ಹೋದಾಗ ಹಳದಿ ಕೈಗೆ ಹತ್ತದೆ ಉರುಳುತ್ತದೆ. ಆಗ ಎರಡು ಬೆರಳಲ್ಲಿ ಪೊರೆ ಹಿಡಿದು ಲೋಟದ ಮೇಲೆ ಎತ್ತಿ ಕೆಳಗಡೆ ಪಿನ್ನು ಚುಚ್ಚಿ. ಒಳಗಿನದು ಲೋಟಕ್ಕೆ ಇಳಿಯುತ್ತದೆ, ಪೊರೆ ಬೆರಳಲ್ಲೇ ಉಳಿಯುತ್ತದೆ. ಅದನ್ನು ಬಿಸಾಕಿ, ಇಲ್ಲದಿದ್ದರೆ ಬ್ರಷ್ಷಿಗೆ ದಾರ ದಾರವಾಗಿ ಸಿಕ್ಕಿಕೊಳ್ಳುತ್ತದೆ. ಹಳದಿಗೆ ಸ್ವಲ್ಪ ನೀರು. ಬಣ್ಣದ ಪುಡಿಯನ್ನು ಬೇರೆ ನೀರಲ್ಲಿ ಅರೆದು ಇಟ್ಟುಕೊಂಡು, ಬೇಕಾದಷ್ಟಕ್ಕೆ ಮಾತ್ರ ಸಮ ಸಮ ಹಳದಿ ಸೇರಿಸಿ. ಗಾಜಿನ ಮೇಲೆ ಒಂದು ಗೆರೆ ಎಳೆದು ಒಣಗಿದ ಮೇಲೆ ಬ್ಲೇಡಿನಲ್ಲಿ ಎಬ್ಬಿಸಿ ನೋಡಿ. ಸಿಪ್ಪೆಯಂತೆ ಎದ್ದರೆ ಸರಿ, ಪುಡಿ ಪುಡಿಯಾದರೆ ಹಳದಿ ಸಾಲದು.

ಹಚ್ಚಿದ ತಕ್ಷಣ ಒಣಗುತ್ತದೆ. ಎಣ್ಣೆಬಣ್ಣದ ಹಾಗೆ ತೀಡಿ ಬೆರೆಸಲು ಆಗಲ್ಲ. ಸಣ್ಣ ಬ್ರಷ್ಷಿನಲ್ಲಿ ಗೀರು, ಅದರ ಮೇಲೆ ಗೀರು, ಅದರ ಮೇಲೆ ಇನ್ನೊಂದು. ಮುಖಕ್ಕೆ ಮೊದಲು ಹಸಿರು ಮಣ್ಣಿನ ಬಣ್ಣ ಹಾಕಿ ಅದರ ಮೇಲೆ ಗುಲಾಬಿ ಮತ್ತು ಬಿಳಿ. ಹಳೇ ಇಟಲಿ ಚಿತ್ರಗಳಲ್ಲಿ ಮೇಲಿನ ಪದರ ಸವೆದು ಮರಿಯಮ್ಮನ ಮುಖ ಹಸಿರು ಹಸಿರಾಗಿ ಕಾಣುತ್ತದಲ್ವಾ, ಅದಕ್ಕೆ ಕಾರಣ ಇದೇ.

ಇನ್ನೊಂದು ಮಜಾ ಕೇಳಿ. 1400ರ ಸುಮಾರಿಗೆ ಚೆನ್ನೀನೋ ಚೆನ್ನೀನಿ ಅನ್ನುವ ಚಿತ್ರಗಾರ ತನ್ನ ಕೈಪಿಡಿಯಲ್ಲಿ ಬರೆದಿದ್ದಾನೆ: ಎಳೆಯರ ಮುಖಕ್ಕೆ ಪೇಟೆ ಕೋಳಿಯ ಮೊಟ್ಟೆ ಬಳಸಿ, ಅದರ ಹಳದಿ ತೆಳು. ಹಳ್ಳಿ ಕೋಳಿಯದು ಕೆಂಪು ಜಾಸ್ತಿ, ಅದು ಮುದುಕರಿಗೂ ಕಪ್ಪು ಮೈಯವರಿಗೂ ಸರಿ. ನಾಟಿ ಮೊಟ್ಟೆ, ಫಾರಂ ಮೊಟ್ಟೆ ಜಗಳ ಆಗಲೇ ಇತ್ತು ನೋಡಿ. ಆ ಹಳದಿ ಛಾಯೆ ಬೆಳಕಿಗೆ ಬರಬರುತ್ತಾ ಮಾಸುತ್ತದೆ, ಹಾಗಾಗಿ ನೀವು ಅಷ್ಟು ತಲೆ ಕೆಡಿಸಿಕೊಳ್ಳಬೇಡಿ.

ಮರಗೆಲಸ_ಸೋಮವಾರಪೇಟೆ

ಹಲಗೆ ಬಗ್ಗೆ ನಾನು ಹೇಳುತ್ತೇನೆ. ಇಟಲಿಯವರು ಪಾಪ್ಲರ್ ಮರ ಬಳಸುತ್ತಿದ್ದರು, ಉತ್ತರದವರು ಓಕ್. ನಮ್ಮಲ್ಲಿ ತೇಗ ಬೇಡ, ಎಣ್ಣೆ ಅಂಶ ಇದೆ, ಅಂಟು ಸರಿಯಾಗಿ ಹಿಡಿಯಲ್ಲ. ಹಲಸು ಗಟ್ಟಿ, ಆದರೆ ಅದರ ಚೇಗಿನಿಂದ ಬಟ್ಟೆಗೆ ಹಳದಿ ಬಣ್ಣ ತೆಗೆಯುತ್ತಾರೆ ಅನ್ನುವುದು ನೆನಪಿರಲಿ, ಮೇಲಿನ ಬಿಳಿಗೆ ಹತ್ತಿದರೆ ಕಷ್ಟ. ತೋಟದಲ್ಲಿ ನೆರಳಿಗೆ ಹಾಕಿದ ಸಿಲ್ವರ್ ಓಕ್ ಹಣ್ಣಾಗಿ ಒಣಗಿದ್ದು ಸಿಕ್ಕರೆ ನೋಡಬಹುದು, ಹಸಿ ಮರ ಮಾತ್ರ ಮುಟ್ಟಬೇಡಿ, ಸೊಟ್ಟಗಾಗುತ್ತದೆ. ತಲೆನೋವೇ ಬೇಡ ಅಂದರೆ ಒಳ್ಳೇ ಮರೈನ್ ಪ್ಲೈವುಡ್ ತಗೊಳ್ಳಿ. ಮಧ್ಯಕಾಲದ ಮಜಾ ಇರಲ್ಲ, ನಿದ್ದೆ ಬರುತ್ತದೆ.

ಹಲಗೆಯೇ ಆದರೆ ಹಿಂದೆ ಅಡ್ಡಪಟ್ಟಿ ಕೊಡಬೇಕು. ಪಟ್ಟಿಯನ್ನು ಬಿಗಿಯಾಗಿ ಮೊಳೆ ಹೊಡೆದು ಕೂರಿಸಬೇಡಿ, ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದು ಸರಿಯುವುದಕ್ಕೆ ಜಾಗ ಇರಬೇಕು. ಇಲ್ಲದಿದ್ದರೆ ಮರಿಯಮ್ಮನ ಮುಖದ ನಡುವೆಯೇ ಬಿರುಕು ಬರುತ್ತದೆ.

ಕುಶಾಲನಗರ_ಅಕ್ಕ

ನಾನು ಮೈಸೂರು ಶೈಲಿ ಕಲಿತವಳು. ನೀವು ಹೇಳುವ ಇಟಲಿ ಪದ್ಧತಿ ನಮಗೆ ಅಷ್ಟೇನೂ ಹೊಸದಲ್ಲ. ಹಲಗೆ ಮೇಲೆ ಬಿಳಿ ಪದರ, ಅದರ ಮೇಲೆ ಉಬ್ಬು ಕೆಲಸ, ಅದಕ್ಕೆ ಚಿನ್ನದ ರೇಕು, ಅಂದರೆ ತೆಳು ಹಾಳೆ. ನಾವು ಸಫೇದ ಅನ್ನುವ ಬಿಳಿ ಪುಡಿಗೆ ಗೋಂದು ಕಲಸಿ ಉಬ್ಬು ಮಾಡುತ್ತೇವೆ. ಅವರು ಜಿಪ್ಸಂ ಪುಡಿಗೆ ಚರ್ಮದ ಅಂಟು ಹಾಕಿ ಬಿಳಿ ಪದರ ಮಾಡುತ್ತಿದ್ದರು, ಗೆಸ್ಸೋ ಅಂತ. ಪೇಂಟ್ ಅಂಗಡಿಯಲ್ಲಿ ಸಿಗುವ ವೈಟಿಂಗ್ ಪುಡಿಯಲ್ಲೂ ಆಗುತ್ತದೆ, ಉತ್ತರ ಯೂರೋಪಿನವರು ಸೀಮೆಸುಣ್ಣವನ್ನೇ ಬಳಸುತ್ತಿದ್ದರು. ಮೊಲದ ಚರ್ಮದ ಅಂಟು ಆನ್‌ಲೈನ್ ಸಿಗುತ್ತದೆ. ಬಡಗಿಗಳ ಹಳೇ ಮರವಜ್ರದ ಅಂಟು ಸಿಕ್ಕರೆ ಅದೂ ಆದೀತು. ಅಂಟನ್ನು ರಾತ್ರಿ ನೆನೆಹಾಕಿ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಬೇಕು, ಕುದಿಸಿದರೆ ಅದರ ಹಿಡಿತ ಹೋಯಿತು. ಅಕ್ರಿಲಿಕ್ ಗೆಸ್ಸೋ ಡಬ್ಬಿ ಇದಕ್ಕೆ ಬೇಡ, ಅದು ನೀರು ಹೀರಲ್ಲ, ಟೆಂಪೆರಾ ಅದರ ಮೇಲೆ ನಿಲ್ಲಲ್ಲ.

ಬಂಗಾರಕ್ಕೆ ಬಂದರೆ, ಬಿಳಿ ಪದರದ ಮೇಲೆ ಕೆಂಪು ಜೇಡಿ ಹಚ್ಚಿ ನುಣ್ಣಗೆ ಮಾಡಿ, ಒದ್ದೆ ಮಾಡಿ, ರೇಕು ಬಿಡುವುದು. ಎಲ್ಲೋ ಚೂರು ಹಿಡಿಯದೆ ಉಳಿದರೆ ಆ ಜಾಗದ ಮೇಲೆ ಹತ್ತಿರದಿಂದ ಬಾಯಿ ತೆರೆದು ಹಾ ಅಂತ ಉಸಿರು ಬಿಡಿ. ಊದಬಾರದು, ಊದಿದರೆ ರೇಕು ಹಾರಿ ಎಲ್ಲೋ ಹೋಗುತ್ತದೆ. ಉಸಿರಿನ ಬಿಸಿ ತೇವಕ್ಕೆ ಜೇಡಿ ಮತ್ತೆ ಜಿಗುಟಾಗುತ್ತದೆ, ಆಗ ತುಂಡು ರೇಕು ಕೂರಿಸುವುದು. ಆಮೇಲೆ ಅಗೇಟ್ ಕಲ್ಲಿನಿಂದ ಉಜ್ಜಿದರೆ ಹೊಳಪು. ಹಿಂದಿನವರು ನಾಯಿ ಹಲ್ಲಿನಿಂದಲೂ ಉಜ್ಜುತ್ತಿದ್ದರು. ಆ ಕೆಂಪು ಜೇಡಿ ಇರುವುದರಿಂದಲೇ ಬಂಗಾರ ಬೆಚ್ಚಗೆ ಕಾಣುವುದು.

ಬೆಲೆ ನೋಡಿ ನಕಲಿ ರೇಕು ತರಬೇಡಿ ತಮ್ಮ. ಅದು ಹಿತ್ತಾಳೆ. ನಿಮ್ಮ ಕಡೆಯ ತೇವಕ್ಕೆ ಬೇಗ ಹಸಿರುಗಟ್ಟಿ ಕಪ್ಪಾಗುತ್ತದೆ. ಹಿನ್ನೆಲೆ ಪೂರ್ತಿ ಆಗದಿದ್ದರೆ ಪ್ರಭಾವಳಿಗೆ ಮಾತ್ರ ಅಸಲಿ ಬಂಗಾರ ಹಾಕಿ, ಉಳಿದದ್ದು ಕಾವಿ ಬಣ್ಣ.

ಹಳೇಪುಸ್ತಕ

ನನ್ನದು ಭಿನ್ನ ಅಭಿಪ್ರಾಯ. ಮಧ್ಯಕಾಲದ ಚಿತ್ರದಲ್ಲಿ ಏನೂ ಸುಮ್ನೆ ಇರಲ್ಲ. ಲಿಲ್ಲಿ ಇರುವುದು ಚೆಂದಕ್ಕಲ್ಲ, ಅದು ಕನ್ಯತ್ವದ ಗುರುತು. ನೀಲಿ ಮೇಲ್ವಸ್ತ್ರಕ್ಕೂ ಕಾರಣ ಇದೆ. ಆ ನೀಲಿ ಅಫ್ಘಾನಿಸ್ತಾನದ ಬದಖ್ಶಾನ್ ಗಣಿಯ ಲಾಜವರ್ದ ಕಲ್ಲಿನಿಂದ ಬರುತ್ತಿತ್ತು. ಬಹಳ ದುಬಾರಿ. ಅದಕ್ಕೇ ಅದು ಮರಿಯಮ್ಮನಿಗೆ. ಯೇಸುವಿನ ಪ್ರಭಾವಳಿಯಲ್ಲಿ ಮಾತ್ರ ಶಿಲುಬೆ ಇರುತ್ತದೆ, ಸಂತರದ್ದರಲ್ಲಿ ಇರಲ್ಲ. ಮನುಷ್ಯ, ಸಿಂಹ, ಎತ್ತು, ಹದ್ದು ಅಂದರೆ ಸುವಾರ್ತೆ ಬರೆದ ಮತ್ತಾಯ, ಮಾರ್ಕ, ಲೂಕ, ಯೊವಾನ್ನ. ಸಿಂಹ ನಮ್ಮಲ್ಲಿಲ್ಲ ಅಂತ ಮಾರ್ಕನಿಗೆ ನಾಗರಹೊಳೆಯ ಹುಲಿ ಕೊಟ್ಟರೆ ಯಾರಿಗೆ ಅರ್ಥವಾಗುತ್ತದೆ? ಒಂದು ಬದಲಾಯಿಸಿದರೆ ಉಳಿದದ್ದೂ ಸಡಿಲವಾಗುತ್ತದೆ. ಕಾಫಿ ಹೂವಿಗೆ ಆ ಚಿತ್ರದೊಳಗೆ ಏನು ಅರ್ಥ? ಎರಡು ಮೂರು ದಿನದಲ್ಲಿ ಬಾಡುವ ಹೂ. ಅದೂ ಅಲ್ಲದೆ 1333ರ ಇಟಲಿಗೆ ಕಾಫಿಯೇ ಗೊತ್ತಿರಲಿಲ್ಲ. ಸ್ಥಳೀಯ ಟಚ್ ಅಂತ ಏನೋ ಒಂದು ಸೇರಿಸುವುದು ಈಗ ಫ್ಯಾಷನ್ ಆಗಿದೆ, ಅಷ್ಟೇ.

ಹಳದಿಲೋಳೆ

ಹಳೇಪುಸ್ತಕ ಸರ್, ಅರ್ಧ ಒಪ್ಪುತ್ತೇನೆ. ಆದರೆ ಆ ಚಿತ್ರಗಾರರು ಮರಿಯಮ್ಮನ ಊರು ನಜರೇತಿನ ಮನೆ ಹೇಗಿತ್ತು ಅಂತ ನೋಡಿ ಬರೆದವರಲ್ಲ. ಮೆರೋಡ್ ಪೀಠಚಿತ್ರ ಅಂತ ಇದೆ, ರಾಬರ್ಟ್ ಕಾಂಪಿನ್ ಅನ್ನುವ ಚಿತ್ರಗಾರನ ಕಾರ್ಯಾಗಾರದ್ದು, 1430ರ ಆಸುಪಾಸು. ಅದೂ ಮಂಗಳವಾರ್ತೆಯೇ. ಅದರಲ್ಲಿ ಮರಿಯಮ್ಮ ಇರುವುದು ಆ ಕಾಲದ ಫ್ಲಾಂಡರ್ಸ್‌ನ (ಈಗಿನ ಬೆಲ್ಜಿಯಂ ಕಡೆ) ಅನುಕೂಲಸ್ಥರ ಮನೆಯಲ್ಲಿ. ಮೇಜು, ಬೆಂಚು, ಒಲೆಗೂಡು ಎಲ್ಲ ಅಲ್ಲಿನವು. ಪಕ್ಕದ ಫಲಕದಲ್ಲಿ ಜೋಸೆಫರು ಮರಗೆಲಸದ ಅಂಗಡಿಯಲ್ಲಿ ಕೂತು ಇಲಿಬೋನು ಮಾಡುತ್ತಿದ್ದಾರೆ! ಕಿಟಕಿಯಾಚೆ ಅಲ್ಲಿನದೇ ಬೀದಿ. ಇಲಿಬೋನು ತಮಾಷೆಗಲ್ಲ, ಶಿಲುಬೆ ಸೈತಾನನಿಗೆ ಇಟ್ಟ ಬೋನು ಅಂತ ಸಂತ ಅಗಸ್ಟಿನ್ ಹೇಳಿದ್ದರು, ಅದು ಅಲ್ಲಿ ಕೂತಿದೆ ಅಂತ ವಿದ್ವಾಂಸರು ಓದುತ್ತಾರೆ. ಅಂದರೆ ಅವರೂ ಊರಿನ ವಸ್ತುವನ್ನೇ ತಂದರು, ಆದರೆ ಅದಕ್ಕೆ ಒಂದು ಕೆಲಸ ಕೊಟ್ಟರು.

ಹಾಗಾಗಿ ಕಾಫಿ ಹೂ ಇಡಬಹುದಾ ಅಂತ ಕೇಳುವ ಬದಲು, ಅದು ಅಲ್ಲಿ ಏನು ಕೆಲಸ ಮಾಡುತ್ತದೆ ಅಂತ ತೋಟದಮನೆಯವರು ಹೇಳಲಿ.

ಮರಗೆಲಸ_ಸೋಮವಾರಪೇಟೆ

ಜೋಸೆಫರ ಕೈಗೆ ಹಂದಿ ಉರುಳು ಮಾತ್ರ ಕೊಡಬೇಡಿ, ಅರಣ್ಯ ಇಲಾಖೆಯವರು ಬರುತ್ತಾರೆ.

ವಿರಾಜಪೇಟೆ_ಟೀಚರ್

ನಿವೃತ್ತಿಯಾದ ಮೇಲೆ ಇಂಥದ್ದನ್ನೆಲ್ಲ ಓದಲು ಪುರುಸೊತ್ತು ಸಿಕ್ಕಿದೆ. ಮಕ್ಕಳೇ, ನೀವು ಯಾರೂ ಕಾಯಿ ಬಗ್ಗೆ ಮಾತಾಡಲೇ ಇಲ್ಲವಲ್ಲ!

ಮಂಗಳವಾರ್ತೆ ಮಾರ್ಚ್ 25. ಕ್ರಿಸ್‌ಮಸ್ ಡಿಸೆಂಬರ್ 25. ನಡುವೆ ಒಂಬತ್ತು ತಿಂಗಳು, ತಾಯಿಯ ಗರ್ಭದ ಲೆಕ್ಕ. ಈಗ ಅರೇಬಿಕಾ ಕಾಫಿ ಗಿಡ ನೋಡಿ. ಮಾರ್ಚ್ ಏಪ್ರಿಲಿನಲ್ಲಿ ಹೂ, ನವೆಂಬರಿನಿಂದ ಜನವರಿ ತನಕ ಹಣ್ಣು ಕೊಯ್ಲು. ಮಂಗಳವಾರ್ತೆಗೆ ಬಿಳಿ ಹೂ ಇದ್ದದ್ದು ಕ್ರಿಸ್‌ಮಸ್ ಹೊತ್ತಿಗೆ ಕೆಂಪು ಹಣ್ಣು. ಹೂದಾನಿಯಲ್ಲಿಟ್ಟ ಲಿಲ್ಲಿ ಹೂವಾಗಿಯೇ ಬಾಡುತ್ತದೆ, ಇದು ಫಲ ಕೊಡುತ್ತದೆ. ದೇವದೂತ ಬಂದು ಹೇಳುವ ಸುದ್ದಿಯೂ ಅದೇ ತಾನೆ, ಗರ್ಭ ಧರಿಸುವೆ ಅಂತ. ಎರಡು ದಿನದಲ್ಲಿ ಬಾಡುತ್ತದೆ ಅಂದರು ಹಳೇಪುಸ್ತಕದವರು. ಬಾಡಿದ ಮೇಲೆಯೇ ಅಲ್ವಾ ಕಾಯಿ ಕಟ್ಟುವುದು?

ಆದರೆ ಒಂದು ಮಾತು. ಲಿಲ್ಲಿಯನ್ನು ಪೂರ್ತಿ ತೆಗೆಯಬೇಡಿ. ದೂತನ ಕೈಯಲ್ಲಿ ಒಂದು ಲಿಲ್ಲಿ ಇರಲಿ, ಹೂದಾನಿಯಲ್ಲಿ ಕಾಫಿ ಕೊಂಬೆ ಇರಲಿ. ಗುರುತು ಗೊತ್ತಿದ್ದವರಿಗೆ ಲಿಲ್ಲಿ ಸಿಗುತ್ತದೆ, ನಮ್ಮ ತೋಟದ ಹೆಣ್ಣುಮಕ್ಕಳಿಗೆ ಕಾಫಿ ಸಿಗುತ್ತದೆ.

ತೋಟದಮನೆ_ಬ್ರಷ್

ಟೀಚರ್, ನನಗೆ ಹೊಳೆದೇ ಇರಲಿಲ್ಲ ಇದು! ನಾನು ಬರೀ ತಾರೀಕು ಮತ್ತು ಬಿಳಿ ಬಣ್ಣ ನೋಡಿದ್ದೆ. ಈಗ ನನಗೆ ಇನ್ನೊಂದು ಆಸೆ ಬರುತ್ತಿದೆ, ಚೌಕಟ್ಟಿನ ಕೆಳಗಡೆ ಉದ್ದಕ್ಕೂ ಕೆಂಪು ಹಣ್ಣಿನ ಬಳ್ಳಿ ಥರ ಅಂಚು. ಮರಿಯಮ್ಮನಿಗೆ ಸೀರೆ ಉಡಿಸಬಹುದಾ? ಗೋವಾದ ಚಿತ್ರಗಾರ ಆಂಜೆಲೋ ದ ಫೊನ್ಸೆಕಾ ಸುಮಾರು ನೂರು ವರ್ಷದ ಹಿಂದೆಯೇ ಸೀರೆ ಉಟ್ಟ ಮರಿಯಮ್ಮನನ್ನು ಬರೆಯತೊಡಗಿದ್ದರು. ಹಿಂದೆ ನೆರಿಗೆ ಬರುವ ಕೊಡವ ಸೀರೆ ಹೇಗೆ?

ವಿರಾಜಪೇಟೆ_ಟೀಚರ್

ಯಾರ ಸೀರೆ ಅಂತ ಕೇಳುತ್ತಾರೆ ನೋಡಿ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚು ಶುರುವಾದದ್ದು 1792ರಲ್ಲಿ, ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಜಾಗ ಕೊಟ್ಟಿದ್ದರಿಂದ. ಅವತ್ತಿನಿಂದಲೇ ನಮ್ಮದು ಕೂಡಿ ಬಂದ ಜನ. ಕೊಂಕಣಿ, ಮಲಯಾಳಂ, ತಮಿಳು, ಕನ್ನಡ ಎಲ್ಲ ಒಂದೇ ಬೆಂಚಿನಲ್ಲಿ. ನಿಮ್ಮ ಲೈನ್ ಮನೆಗಳಲ್ಲೂ ಹಾಗೇ ಇರುತ್ತದೆ. ಒಬ್ಬರ ಸೀರೆ ಉಡಿಸಿದರೆ ಇನ್ನೊಬ್ಬರಿಗೆ ಅವರು ಪಕ್ಕದ ಮನೆಯವರಾಗುತ್ತಾರೆ. ನೀಲಿ ಮೇಲ್ವಸ್ತ್ರ ಹಾಗೇ ಬಿಡಿ, ಅದು ಯಾರದೂ ಅಲ್ಲ, ಅದಕ್ಕೇ ಎಲ್ಲರದೂ. ಬೇಕಾದರೆ ಕಿಟಕಿಯಾಚೆ ತೋಟ ಬರೆಯಿರಿ. ಮೆಣಸಿನ ಬಳ್ಳಿ, ಕಿತ್ತಳೆ ಗಿಡ, ಬೆಟ್ಟ.

ಆನಂದಪುರದವ

ನಡುವೆ ಬಾಯಿ ಹಾಕುತ್ತೇನೆ, ಬೇಜಾರಾಗಬೇಡಿ. ನಮ್ಮೂರಿಗೆ ಕ್ರೈಸ್ತಧರ್ಮ ಬಂದದ್ದು 1850ರ ದಶಕದಲ್ಲಿ, ಪ್ರೊಟೆಸ್ಟೆಂಟ್ ಪಂಥದ ಬಾಸೆಲ್ ಮಿಶನ್ನಿನ ಮೊಗ್ಲಿಂಗ್ ಅವರಿಂದ. ನಮ್ಮ ಸಭೆಯಲ್ಲಿ ಗೋಡೆ ಖಾಲಿ, ಒಂದು ಶಿಲುಬೆ, ಒಂದು ವಾಕ್ಯ. ಪ್ರತಿಮೆ, ಚಿತ್ರದ ಮುಂದೆ ಮೊಣಕಾಲೂರುವುದು ನಮಗೆ ಒಗ್ಗಲ್ಲ. ಆದರೆ ಆ ಅಕ್ಷರ ಬಾಯಿಂದ ಹೊರಟು ಕಿವಿಗೆ ಹೋಗುವುದು ಅಂದಿರಲ್ಲ, ಅದು ಮನಸ್ಸಿಗೆ ಹಿಡಿಸಿತು. ವಾಕ್ಯವೇ ಚಿತ್ರದ ನಡುವೆ ಇದೆ. ಅದನ್ನು ಕನ್ನಡದಲ್ಲಿ ಬರೆಯಿರಿ, ದೊಡ್ಡದಾಗಿ, ಓದಲು ಬರುವ ಹಾಗೆ. ಲತೀನು ಬೇಡ.

ಹಳೇಪುಸ್ತಕ

ಆನಂದಪುರದವರು ಒಳ್ಳೇ ಮಾತು ಹೇಳಿದರು. ಮೊಣಕಾಲೂರುವ ಪ್ರಶ್ನೆ ಹಳೇದು, 787ರಲ್ಲಿ ನಿಸೇಯದಲ್ಲಿ ಸೇರಿದ ಕ್ರೈಸ್ತ ಧರ್ಮಗುರುಗಳ ಸಭೆಯಲ್ಲಿ ಅದೇ ಚರ್ಚೆ ಆಯಿತು. ಚಿತ್ರಕ್ಕೆ ಕೊಡುವ ಗೌರವ ಅದರಲ್ಲಿರುವ ವ್ಯಕ್ತಿಗೆ ಸಲ್ಲುತ್ತದೆ, ಆರಾಧನೆ ದೇವರಿಗೆ ಮಾತ್ರ ಅಂತ ತೀರ್ಮಾನ. ಅದು ಇಲ್ಲಿ ಮುಗಿಯುವ ವಿಷಯ ಅಲ್ಲ, ಬಿಡಿ.

ಟೀಚರ್ ಹೇಳಿದ ಒಂಬತ್ತು ತಿಂಗಳ ಲೆಕ್ಕ ಗಟ್ಟಿಯಾಗಿದೆ. ಅದಕ್ಕೆ ನನ್ನ ತಕರಾರಿಲ್ಲ. ಹಾಗೆ ನೋಡಿದರೆ ಪೆಲಿಕನ್ ಕಥೆಯೂ ನೆನಪಾಗುತ್ತದೆ. ತಾಯಿ ಪೆಲಿಕನ್ ತನ್ನ ಎದೆ ಕುಕ್ಕಿ ರಕ್ತದಿಂದ ಮರಿ ಉಳಿಸುತ್ತದೆ ಅಂತ ಮಧ್ಯಕಾಲದವರು ನಂಬಿದ್ದರು, ಅದು ಯೇಸುವಿನ ಗುರುತು. ಬರೆದವರಲ್ಲಿ ಎಷ್ಟೋ ಜನ ಆ ಹಕ್ಕಿಯನ್ನೇ ಕಂಡಿರಲಿಲ್ಲ, ಹದ್ದಿನ ಥರ ಕೊಕ್ಕು ಬರೆದುಬಿಟ್ಟರು. ನಾವು ಕೊಕ್ಕರೆ ಬೆಳ್ಳೂರಿಗೆ ಹೋದರೆ ಹುಣಸೆ ಮರದ ಮೇಲೆ ಹೆಜ್ಜಾರ್ಲೆ, ಅಂದರೆ ಪೆಲಿಕನ್, ಗೂಡು ಕಟ್ಟಿರುವುದನ್ನು ಕಣ್ಣಾರೆ ನೋಡಬಹುದು. ಇಲ್ಲಿ ಹಕ್ಕಿ ಬದಲಾಯಿಸುವ ಅಗತ್ಯವೇ ಇಲ್ಲ, ಸರಿಯಾಗಿ ಬರೆದರೆ ಸಾಕು.

ಕುಶಾಲನಗರ_ಅಕ್ಕ

ನನಗೆ ಇಷ್ಟ ಆಗುವುದು ಹಸ್ತಪ್ರತಿಗಳ ಅಂಚು. 13, 14ನೇ ಶತಮಾನದ ಪ್ರಾರ್ಥನೆ ಪುಸ್ತಕಗಳ ಬದಿಯಲ್ಲಿ ಕವಚ ಹಾಕಿದ ಯೋಧರು ಬಸವನಹುಳುವಿನ ಜೊತೆ ಯುದ್ಧ ಮಾಡುತ್ತಾರೆ! ಕೆಲವು ಕಡೆ ಯೋಧ ಕತ್ತಿ ಬಿಸಾಕಿ ಶರಣಾಗಿದ್ದಾನೆ. ಶನಿವಾರಸಂತೆ ಕಡೆ ಆಫ್ರಿಕನ್ ಬಸವನಹುಳು ಕಾಟ ಅನುಭವಿಸಿದ ಬೆಳೆಗಾರರಿಗೆ ಆ ಯೋಧನ ಮುಖ ಚೆನ್ನಾಗಿ ಅರ್ಥವಾಗುತ್ತದೆ. ತಮ್ಮ, ಕೆಂಪು ಹಣ್ಣಿನ ಅಂಚು ಬರೆಯುತ್ತೀರಲ್ಲ, ಮೂಲೆಯಲ್ಲಿ ಒಂದು ಹುಳು ಬಿಡಿ.

ಹಳದಿಲೋಳೆ

ಮಳೆ ವಿಷಯ ಯಾರೂ ಪೂರ್ತಿ ಹೇಳಲಿಲ್ಲ. ಇಲ್ಲಿನ ಕಷ್ಟ ಏನು ಅಂದರೆ ತೋಟದಲ್ಲಿ ಕೆಲಸ ಮಾಡುವವರಿಗೆ ಬಿಡುವು ಸಿಗುವುದೇ ಮಳೆಗಾಲದಲ್ಲಿ, ಈ ಕೆಲಸ ಆಗುವುದು ಒಣ ದಿನದಲ್ಲಿ. ಜೂನ್‌ನಿಂದ ಆಗಸ್ಟ್ ತನಕ ಚರ್ಮದ ಅಂಟಿನ ಪದರ ಹಚ್ಚಿದರೆ ಒಣಗುವ ಮೊದಲೇ ಬೂಸ್ಟು. ಅಂಟೂ ಮೊಟ್ಟೆಯೂ ಬೂಸ್ಟಿಗೆ ಹಬ್ಬದ ಊಟ. ಆ ತಿಂಗಳುಗಳಲ್ಲಿ ಕಾಗದದ ಮೇಲೆ ಪೂರ್ತಿ ಅಳತೆಯ ರೇಖಾಚಿತ್ರ ಮಾಡಿ, ಮುಖ, ಕೈ, ಬಟ್ಟೆಯ ಮಡಿಕೆ ಅಭ್ಯಾಸ ಮಾಡಿ. ಹಲಗೆಯನ್ನು ಅಡುಗೆಮನೆ ಅಟ್ಟದಲ್ಲಿ ಇಟ್ಟರೆ ಹೊಗೆಗೆ ಚೆನ್ನಾಗಿ ಒಣಗುತ್ತದೆ, ಬಿಳಿ ಪದರ ಹಚ್ಚಿದ ಮೇಲೆ ಮಾತ್ರ ಅಲ್ಲಿ ಇಡಬೇಡಿ, ಮಸಿ ಹಿಡಿಯುತ್ತದೆ. ಬಿಳಿ ಪದರಕ್ಕೆ ಡಿಸೆಂಬರ್ ಜನವರಿ ಸರಿ. ಕಾಫಿ ಕಣದ ಬಿಸಿಲಿಗೆ ಇಡಬೇಡಿ, ಬಿರಿಯುತ್ತದೆ. ನೆರಳಲ್ಲಿ ಗಾಳಿಯಾಡುವ ಕಡೆ ಇಡಿ.

ಹಳದಿ ಕೆಡದಿರಲು ಒಂದು ಹನಿ ಲವಂಗದ ಎಣ್ಣೆ ಅಥವಾ ಬಿಳಿ ವಿನೆಗರ್ ಹಾಕುತ್ತಾರೆ. ಹಾಗಂತ ನಮ್ಮ ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಹಾಕಬೇಡಿ, ಅದನ್ನು ಪಂದಿಕರಿಗೆ ಇಟ್ಟುಕೊಳ್ಳಿ. ದಿನಾ ಹೊಸ ಮೊಟ್ಟೆ ಒಡೆಯುವುದೇ ಒಳ್ಳೇದು.

ಹಳೇ ಬಣ್ಣಗಳ ಮೋಹಕ್ಕೆ ಬೀಳಬೇಡಿ. ಅಸಲಿ ಇಂಗಳೀಕದ ಕೆಂಪಿನಲ್ಲಿ ಪಾದರಸ, ಹರಿದಾಳದ ಹಳದಿಯಲ್ಲಿ ಆರ್ಸೆನಿಕ್, ಹಳೇ ಬಿಳಿಯಲ್ಲಿ ಸೀಸ. ಪುಡಿ ಉಸಿರಿಗೆ ಹೋದರೆ ಕಥೆ ಮುಗಿಯಿತು. ಕೆಂಪಿಗೆ ಐರನ್ ಆಕ್ಸೈಡ್, ಬಿಳಿಗೆ ಟೈಟೇನಿಯಂ. ನೀಲಿಗೆ ಕೃತಕ ಅಲ್ಟ್ರಾಮರೀನ್, 1820ರ ದಶಕದಲ್ಲೇ ಫ್ರಾನ್ಸಿನಲ್ಲಿ ಕಂಡುಹಿಡಿದರು, ಲಾಜವರ್ದದ ಬೆಲೆಯ ಮುಂದೆ ಅದು ಏನೂ ಅಲ್ಲ. ಇವನ್ನು ಅರೆಯುವಾಗಲೂ ಮುಖಕ್ಕೆ ಮಾಸ್ಕ್ ಇರಲಿ.

ತೋಟದಮನೆ_ಬ್ರಷ್

ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಮಾಡುತ್ತೇನೆ. ಪ್ಲೈವುಡ್ ಮೇಲೆ ಒಂದು ಸಣ್ಣದು ಅಭ್ಯಾಸಕ್ಕೆ, ಆಮೇಲೆ ಹಲಗೆ. ದೂತನ ಕೈಯಲ್ಲಿ ಲಿಲ್ಲಿ, ಹೂದಾನಿಯಲ್ಲಿ ಕಾಫಿ, ನೀಲಿ ಮೇಲ್ವಸ್ತ್ರ, ಬಂಗಾರ ಪ್ರಭಾವಳಿಗೆ ಮಾತ್ರ. ಬಾಯಿಂದ ಹೊರಡುವ ಮಾತು "ನಮೋ ಮರಿಯಾ". ಬಸವನಹುಳು ಬಲಗಡೆ ಮೂಲೆಯಲ್ಲಿ, ಫಾದರ್ ನೋಡಿ ಏನಂತಾರೋ ಗೊತ್ತಿಲ್ಲ.

ಮರಗೆಲಸ_ಸೋಮವಾರಪೇಟೆ

ಒಂದು ವಿಷಯ ಬಿಟ್ಟಿರಿ. ಟೀಚರ್ ಲೆಕ್ಕ ಅರೇಬಿಕಾದ್ದು. ನಿಮ್ಮ ಸಿದ್ದಾಪುರ ಕಡೆ ರೊಬಸ್ಟಾ ಜಾಸ್ತಿ, ಅದರ ಹಣ್ಣು ಕ್ರಿಸ್‌ಮಸ್ ಹೊತ್ತಿಗೆ ಪೂರ್ತಿ ಆಗಿರಲ್ಲ, ಎಲೆಯೂ ದೊಡ್ಡದು, ಅಲೆ ಅಲೆಯಾಗಿರುತ್ತದೆ. ಅದನ್ನು ನೋಡಿ ಬರೆದರೆ ನಮ್ಮ ಕಡೆಯವರು ಚರ್ಚಿನಲ್ಲೇ ನಗುತ್ತಾರೆ.

ತೋಟದಮನೆ_ಬ್ರಷ್

ಅಯ್ಯೋ ಹೌದಣ್ಣ. ನಿಮ್ಮ ಕಡೆ ಹೂವಾದಾಗ ಒಂದು ಕೊಂಬೆ ಕೊಡುತ್ತೀರಾ? ಹಲಗೆ ತಗೊಳ್ಳಲು ಹೇಗೂ ಬರುತ್ತೇನೆ.

ಮರಗೆಲಸ_ಸೋಮವಾರಪೇಟೆ

ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಬನ್ನಿ, ಮುಂಚೆ ಫೋನ್ ಮಾಡಿ. ಕೊಂಬೆ ಮುರಿಯಲು ಬಿಡಲ್ಲ, ಒಂದೊಂದು ಹೂವೂ ಒಂದೊಂದು ಹಣ್ಣು ನಮಗೆ. ಗಿಡದ ಬುಡದಲ್ಲೇ ಸ್ಟೂಲ್ ಹಾಕಿಕೊಡುತ್ತೇನೆ, ಕೂತು ಬರೆದುಕೊಳ್ಳಿ. ಜೇನು ಇರುತ್ತದೆ, ಗಡಿಬಿಡಿ ಮಾಡಬೇಡಿ. ಹಲಗೆ ದುಡ್ಡು ಬೇರೆ.